ಫಾರ್ವರ್ಡ್ ಪಾಸ್ ರಾಕ್ನಿ ಕಂಡುಹಿಡಿದದ್ದಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿದೆ. ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕೋಚ್ ನೂಟ್ ರಾಕ್ನಿ ಅವರು ಫಾರ್ವರ್ಡ್ ಪಾಸ್, ಅಂದರೆ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಆಟ, ಕಂಡುಹಿಡಿದರೆಂದು ಅದರಲ್ಲಿದೆ. ಅಮೆರಿಕದಲ್ಲೇ ಬೇರು ಬಿಟ್ಟಿರುವ ತಪ್ಪು ಇದು. ಕನ್ನಡದಲ್ಲೂ ಅದು ನೆಲೆಯೂರುವ ಮೊದಲು ತಿದ್ದಬೇಕೆಂದು ಈ ಪತ್ರ.

ಹೀಗೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 5ರಂದು ಕೋಚ್ ಎಡ್ಡಿ ಕೋಚಮ್ಸ್ ಅವರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ತಂಡ ಕ್ಯಾರೊಲ್ ಕಾಲೇಜಿನ ಎದುರು ಅದನ್ನು ಆಡಿ ತೋರಿಸಿತು. ಎಸೆದವರು ಬ್ರಾಡ್‌ಬರಿ ರಾಬಿನ್ಸನ್. ಅವರ ಮೊದಲ ಎಸೆತ ನೆಲಕ್ಕೆ ಬಿತ್ತು. ಅಂದಿನ ನಿಯಮದಂತೆ ಯಾರ ಕೈಗೂ ತಾಗದೆ ನೆಲಕ್ಕೆ ಬಿದ್ದ ಪಾಸ್ ಎದುರಾಳಿಯ ಪಾಲು! ಹೀಗಿರುವಾಗ ಯಾವ ಕೋಚ್ ತಾನೇ ಅದನ್ನು ನೆಚ್ಚಿಕೊಂಡಾರು? ಮುಂದೆ ಆ ಶಿಕ್ಷೆ ಸಡಿಲವಾಯಿತು, ಆದರೆ 20 ಗಜಕ್ಕಿಂತ ದೂರ ಎಸೆಯಬಾರದೆಂಬ ಮಿತಿ ಬಂತು. ಚೆಂಡೂ ಗುಂಡಗೆ, ದಪ್ಪಗೆ ಇದ್ದು ಒಂದು ಕೈಯ ಹಿಡಿತಕ್ಕೆ ಸಿಗುತ್ತಿರಲಿಲ್ಲ.

1912ರಲ್ಲಿ ಇವೆಲ್ಲ ಒಟ್ಟಿಗೆ ಬದಲಾದವು. 20 ಗಜದ ಮಿತಿ ಹೋಯಿತು, ಚೆಂಡು ತೆಳ್ಳಗಾಯಿತು, 10 ಗಜ ದಾಟಲು ಮೂರರ ಬದಲು ನಾಲ್ಕು ಅವಕಾಶ ಸಿಕ್ಕಿತು, ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನ್‌ಗೆ 6 ಅಂಕ ಎಂದಾಯಿತು. ನಾಲ್ಕರಲ್ಲಿ ಒಂದು ಪಾಸ್ ಹಾಳಾದರೂ ಮೂರು ಉಳಿಯುತ್ತವೆ ಎಂಬ ಲೆಕ್ಕ ಬಂದ ಮೇಲೆಯೇ ಪಾಸ್‌ಗೆ ಬೆಲೆ ಬಂದದ್ದು.

ರಾಕ್ನಿ ಕತೆಗೆ ಬರುವುದು ಮರುವರ್ಷ, ಅದೂ ಕೋಚ್ ಆಗಿ ಅಲ್ಲ, ಆಟಗಾರನಾಗಿ. 1913ರ ಬೇಸಿಗೆಯಲ್ಲಿ ಅವರೂ ದಾಳಿ ನಡೆಸಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಗಸ್ ಡೊರೈಸ್ ಅವರೂ ಈರಿ ಸರೋವರದ ದಂಡೆಯ ಸೀಡರ್ ಪಾಯಿಂಟ್ ವಿಹಾರಧಾಮದಲ್ಲಿ ದುಡಿಯುತ್ತ ಬಿಡುವಿನಲ್ಲಿ ಪಾಸ್ ಅಭ್ಯಾಸ ಮಾಡಿದರು. ಅಲ್ಲಿ ಪಳಗಿಸಿದ್ದು ಹಿಡಿಯುವ ಬಗೆಯನ್ನು. ನಿಂತು ಎದೆಗೆ ಅವುಚಿಕೊಂಡು ಹಿಡಿದರೆ ಓಟ ನಿಲ್ಲುತ್ತದೆ, ಎದುರಾಳಿ ಮೇಲೆ ಬೀಳುತ್ತಾನೆ. ಓಡುತ್ತಲೇ ಕೈ ಸಡಿಲ ಬಿಟ್ಟು ಬೆರಳುಗಳಲ್ಲಿ ಹಿಡಿದರೆ ಅದೇ ವೇಗದಲ್ಲಿ ಮುಂದೆ ಸಾಗಬಹುದು. ನವೆಂಬರ್ 1ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಡೊರೈಸ್ ಎಸೆದ 17 ಪಾಸ್‌ಗಳಲ್ಲಿ 14 ಕೈ ಸೇರಿದವು. ಬಲಾಢ್ಯ ಆರ್ಮಿ ತಂಡ 35–13ರಿಂದ ಸೋತಿತು. ಅಂದಿನ ನೋಟರ್ ಡೇಮ್ ಕೋಚ್ ಜೆಸ್ ಹಾರ್ಪರ್. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ.

1918ರಲ್ಲಿ ಕೋಚ್ ಆದ ರಾಕ್ನಿ ಅವರ ನಿಜವಾದ ಅಸ್ತ್ರ ‘ಶಿಫ್ಟ್’. ಹಿಂದಿನ ನಾಲ್ವರು ಆಟಗಾರರು ಮೊದಲು ಇಂಗ್ಲಿಷಿನ ಟಿ ಅಕ್ಷರದಂತೆ ನಿಂತು, ಒಂದೇ ತಾಳದಲ್ಲಿ ಪಕ್ಕಕ್ಕೆ ಸರಿದು ಚೌಕವಾಗುತ್ತಿದ್ದರು. ಮರುಕ್ಷಣವೇ ಚೆಂಡು ಹೊರಡುತ್ತಿತ್ತು. ಎದುರಾಳಿಗಳಿಗೆ ಸ್ಥಾನ ಬದಲಿಸಲು ಪುರಸೊತ್ತೇ ಇರುತ್ತಿರಲಿಲ್ಲ. ಒಬ್ಬನ ಹೆಜ್ಜೆ ತಪ್ಪಿದರೂ ದಂಡ ಬೀಳುವುದರಿಂದ ಇದಕ್ಕೆ ಕವಾಯತಿನಂಥ ತಾಲೀಮು ಬೇಕು. ಸರಿದ ಮೇಲೆ ಪೂರ್ತಿ ಒಂದು ಸೆಕೆಂಡ್ ನಿಲ್ಲಲೇಬೇಕೆಂದು 1927ರಲ್ಲಿ ನಿಯಮ ಬಂತು. ಅದಾದ ಮೇಲೂ 1929 ಮತ್ತು 1930ರಲ್ಲಿ ಅವರ ತಂಡ ಒಂದೂ ಪಂದ್ಯ ಸೋಲಲಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡಸ್ತಿಕೆಗೆ ಇದೇ ಸಾಕ್ಷಿ.

ರಾಕ್ನಿ ಅವರ ಸಾಧನೆಯೆಂದು ನೀವು ಮುದ್ರಿಸಿದ 105–12–5 ಅಂಕಿಯನ್ನು ಗೆಲುವು, ಸೋಲು, ಸಮ ಎಂದು ಓದಬೇಕು. ಸಮವಾದ ಪಂದ್ಯಕ್ಕೆ ಅರ್ಧ ಗೆಲುವು. ಅಂದರೆ 107.5 ಅನ್ನು 122ರಿಂದ ಭಾಗಿಸಿದರೆ 0.881. ಸಮವನ್ನು ಬಿಟ್ಟು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ. 1996ರಿಂದ ಹೆಚ್ಚುವರಿ ಆಟ ಬಂದು ‘ಸಮ’ ಎಂಬುದೇ ಇಲ್ಲವಾದ್ದರಿಂದ ಹಳಬರನ್ನೂ ಹೊಸಬರನ್ನೂ ಹೋಲಿಸುವಾಗ ಇದು ಮುಖ್ಯ. ಇನ್ನೊಂದು ಮಾತು: 2010ರಿಂದ 2021ರವರೆಗೆ ನೋಟರ್ ಡೇಮ್ ಕೋಚ್ ಆಗಿದ್ದ ಬ್ರಯಾನ್ ಕೆಲಿ ಅವರ ತಂಡ ಮೈದಾನದಲ್ಲಿ 113 ಪಂದ್ಯ ಗೆದ್ದಿದೆ. ಆದರೆ ಆಟಗಾರರ ಓದಿನಲ್ಲಿ ನಡೆದ ಅಕ್ರಮಕ್ಕಾಗಿ 2012 ಮತ್ತು 2013ರ 21 ಗೆಲುವುಗಳನ್ನು ದಾಖಲೆಯಿಂದ ತೆಗೆದದ್ದರಿಂದ ಅಧಿಕೃತವಾಗಿ 92. ಯಾವ ಅಂಕಿ ಬಳಸಿದರೂ ಯಾವುದೆಂದು ಹೇಳಿ ಬಳಸಬೇಕು.

ರಾಕ್ನಿ ನಂತರ ನೋಟರ್ ಡೇಮ್‌ನಲ್ಲಿ ಗೆದ್ದ ಕೋಚ್‌ಗಳನ್ನು ನೋಡಿ. ರಾಕ್ನಿ ಅವರ ಶಿಷ್ಯರೇ ಆದ ಫ್ರಾಂಕ್ ಲೇಹಿ, 1942ರಲ್ಲಿ ಗುರುವಿನ ಚೌಕವನ್ನು ಕೈಬಿಟ್ಟು ಟಿ ವ್ಯೂಹಕ್ಕೆ ಹೊರಳಿದರು. ಇದರಲ್ಲಿ ಕ್ವಾರ್ಟರ್‌ಬ್ಯಾಕ್, ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡನ್ನು ಕೈಯಿಂದ ಕೈಗೆ ಪಡೆಯುತ್ತಾನೆ. ಅವನು ಓಟಗಾರನೇ ಆಗಬೇಕಿಲ್ಲ. ಚೆನ್ನಾಗಿ ಎಸೆಯಬಲ್ಲ ಆಂಜೆಲೊ ಬರ್ಟೆಲಿ ಅವರಿಗೆ ಇದು ಹೇಳಿ ಮಾಡಿಸಿದಂತಿತ್ತು. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ 1943ರಲ್ಲಿ ಅವರಿಗೇ ಬಂತು. 1963ರಲ್ಲಿ 2 ಗೆದ್ದು 7 ಸೋತ ತಂಡವನ್ನು ಆರಾ ಪಾರ್ಸೀಗಿಯನ್ ಮರುವರ್ಷವೇ 9 ಗೆಲುವು, 1 ಸೋಲಿಗೆ ತಂದದ್ದೂ ಆಟಗಾರರ ಜಾಗ ಬದಲಿಸಿಯೇ. ಮೂಲೆಗುಂಪಾಗಿದ್ದ ಜಾನ್ ಹುವಾರ್ಟೆ ಅವರನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು, ಜ್ಯಾಕ್ ಸ್ನೋ ಅವರನ್ನು ಅಂಚಿಗೆ ನಿಲ್ಲಿಸಿದರು. ಸ್ನೋ ಆ ವರ್ಷ 60 ಪಾಸ್ ಹಿಡಿದರು, ಹುವಾರ್ಟೆಗೆ ಹೈಸ್ಮನ್ ಸಿಕ್ಕಿತು. ಆಟಗಾರರನ್ನು ಬದಲಿಸುವ ನಿಯಮ 1964ರಲ್ಲೇ ಸಡಿಲವಾದದ್ದೂ ನೆರವಿಗೆ ಬಂತು. ಎಸೆಯುವವನೇ ರಕ್ಷಣೆಗೂ ನಿಲ್ಲಬೇಕಾದ ಕಾಲ ಮುಗಿಯುತ್ತ ಬಂದಿತ್ತು.

ಇದಕ್ಕೆ ವ್ಯತಿರಿಕ್ತ ಉದಾಹರಣೆ 1981. ಸಿನ್ಸಿನಾಟಿಯ ಮೋಲರ್ ಹೈಸ್ಕೂಲಿನಲ್ಲಿ ಗೆಲುವಿನ ಮೇಲೆ ಗೆಲುವು ಕಂಡ ಜೆರಿ ಫೌಸ್ಟ್ ಅವರನ್ನು ನೇರವಾಗಿ ನೋಟರ್ ಡೇಮ್ ಕೋಚ್ ಆಗಿ ಕರೆತಂದರು. ಐದು ವರ್ಷಗಳಲ್ಲಿ 30 ಗೆಲುವು, 26 ಸೋಲು, 1 ಸಮ. ಸಜ್ಜನ, ಶ್ರದ್ಧಾವಂತ, ಆದರೆ ಕಾಲೇಜು ಮಟ್ಟದಲ್ಲಿ ತಂಡ ಕಟ್ಟಿದ ಅನುಭವ ಇರಲಿಲ್ಲ. ಅವರ ನಂತರ ಬಂದ ಲೂ ಹೋಲ್ಟ್ಸ್ ಮೂರನೇ ವರ್ಷಕ್ಕೆ, 1988ರಲ್ಲಿ, ಆಡಿದ 12ನ್ನೂ ಗೆದ್ದರು.

ತಿದ್ದುಪಡಿ ಹಾಕುವಾಗ ದಯವಿಟ್ಟು ಜೆಸ್ ಹಾರ್ಪರ್ ಹೆಸರನ್ನು ಸೇರಿಸಿ. ಐದು ವರ್ಷ ಕೋಚ್ ಆಗಿ ಅವರು ಸೋತದ್ದು ಬರೀ 5 ಪಂದ್ಯ. 1931ರ ಮಾರ್ಚ್ 31ರಂದು ಕನ್ಸಾಸ್‌ನ ಬಜಾರ್ ಬಳಿ ವಿಮಾನ ಬಿದ್ದು ರಾಕ್ನಿ ತೀರಿಕೊಂಡಾಗ ಕ್ರೀಡಾ ನಿರ್ದೇಶಕರ ಹೊಣೆ ಹೊರಲು ವಿಶ್ವವಿದ್ಯಾಲಯ ಮರಳಿ ಕರೆದದ್ದು ಅವರನ್ನೇ.

ಇತಿ,
ನಿಮ್ಮ ಓದುಗ, ಮೈಸೂರು