ಲಿವರ್ ಕ್ಯಾನ್ಸರ್ ಸ್ಕ್ಯಾನ್: ಗಡ್ಡೆಯ ಅಳತೆಯೊಂದೇ ಸಾಲದು

ಮಾನ್ಯರೇ,

ಲಿವರ್ ಕ್ಯಾನ್ಸರಿಗೆ ಚಿಕಿತ್ಸೆ ಆದ ಮೇಲೆ ಮಾಡಿಸುವ ಸ್ಕ್ಯಾನಿನ ಬಗ್ಗೆ ನಮ್ಮ ಕಾಸರಗೋಡು ಕಡೆಯ ಓದುಗರಿಗೂ ಸ್ಕ್ಯಾನಿಂಗ್ ಕೇಂದ್ರದವರಿಗೂ ಒಂದು ಮಾತು ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ನನ್ನ ಭಾವನಿಗೆ ಮಂಗಳೂರಿನಲ್ಲಿ 'ಟೇಸ್' ಎಂಬ ಚಿಕಿತ್ಸೆ ಆಯಿತು. ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಗೆ ತೂರಿಸಿ, ಗಡ್ಡೆಗೆ ರಕ್ತ ಒಯ್ಯುವ ನಾಳಕ್ಕೇ ಕೀಮೋ ಮದ್ದು ತುಂಬಿದ ಸಣ್ಣ ಮಣಿಗಳನ್ನು ಬಿಡುತ್ತಾರೆ. ಮದ್ದು ನೇರ ಗಡ್ಡೆಗೇ ಸಿಗುತ್ತದೆ, ಅದಕ್ಕೆ ಹೋಗುವ ರಕ್ತವೂ ನಿಲ್ಲುತ್ತದೆ. ತಿಂಗಳು ಕಳೆದು ಸಿಟಿ ಸ್ಕ್ಯಾನ್ ಮಾಡಿಸಿ ತನ್ನಿ ಎಂದರು. ಪೆರ್ಲದಿಂದ ಮಂಗಳೂರಿನ ಓಡಾಟ ಭಾವನಿಗೆ ಕಷ್ಟ. ಹಾಗಾಗಿ ಹತ್ತಿರದ ಪೇಟೆಯಲ್ಲೇ ಮಾಡಿಸಿದೆವು. ರಿಪೋರ್ಟಿನಲ್ಲಿ ಇದ್ದದ್ದು ಇಷ್ಟೇ: ಗಡ್ಡೆ 5 ಸೆಂ.ಮೀ., ಹಿಂದಿನಷ್ಟೇ ಇದೆ.

ಮನೆಯಲ್ಲಿ ಎಲ್ಲರ ಧೈರ್ಯವೂ ಉಡುಗಿತು. ಅಕ್ಕ ನಾಟಿ ಮದ್ದು ಕೊಡುವವರನ್ನು ವಿಚಾರಿಸತೊಡಗಿದಳು. ಇನ್ನು ಸುಮ್ನೆ ಖರ್ಚು ಮಾಡುವುದು ಬೇಡ ಎಂದು ಭಾವ ಹಟ ಹಿಡಿದರು.

ಮಂಗಳೂರಿನ ಡಾಕ್ಟರು ಆ ರಿಪೋರ್ಟ್ ಓದಿ, "ಸಿಡಿ ಎಲ್ಲಿ?" ಎಂದರು. ಕೊಟ್ಟೇ ಇರಲಿಲ್ಲ. ಫಿಲ್ಮ್ ನೋಡಿದರೆ, ಡೈ (ರಕ್ತ ಹೋಗುವ ಜಾಗ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಟ್ಟ ಮೇಲೆ ಒಂದೇ ಹಂತದ ಚಿತ್ರ ತೆಗೆದಿದ್ದರು. ಇದರಲ್ಲಿ ಏನೂ ಹೇಳಲು ಬರುವುದಿಲ್ಲ ಎಂದು ಇನ್ನೊಮ್ಮೆ ಸ್ಕ್ಯಾನ್ ಬರೆದರು. ಮತ್ತೆ ಕಿಡ್ನಿಗಾಗಿ ಕ್ರಿಯಾಟಿನಿನ್ ಪರೀಕ್ಷೆ, ಮತ್ತೆ ಸೂಜಿ, ಮತ್ತೆ ಡೈ, ಮತ್ತೆ ದುಡ್ಡು.

ಲಿವರಿಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯ ಪೋರ್ಟಲ್ ನಾಳದಿಂದ. ಲಿವರಿನಲ್ಲೇ ಹುಟ್ಟಿದ ಈ ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚಾಗಿ ಹೆಪಾಟಿಕ್ ಅಪಧಮನಿಯ, ಅಂದರೆ ಹೃದಯದ ಕಡೆಯಿಂದ ಲಿವರಿಗೆ ಬರುವ ನಾಳದ, ರಕ್ತವನ್ನೇ ಎಳೆದುಕೊಳ್ಳುತ್ತದೆ. ಡೈ ಮೊದಲು ತಲಪುವುದು ಈ ಅಪಧಮನಿಯಿಂದ, ಪೋರ್ಟಲ್ ನಾಳದಿಂದ ಬರುವುದು ಆಮೇಲೆ. ಆದ್ದರಿಂದ ಡೈ ಕೊಟ್ಟು ಸುಮಾರು 35 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಜೀವ ಇರುವ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. 70 ಸೆಕೆಂಡಿನ ಹೊತ್ತಿಗೆ ಲಿವರ್ ಬೆಳ್ಳಗಾಗಿ ಗಡ್ಡೆ ಮಂಕಾಗುತ್ತದೆ. ಆಮೇಲೆ 3ರಿಂದ 5 ನಿಮಿಷದ ನಡುವೆ ಇನ್ನೊಂದು ಚಿತ್ರ. ಸತ್ತ ಭಾಗಕ್ಕೆ ಡೈ ಹೋಗುವುದೇ ಇಲ್ಲ. ಆದರೆ ಸತ್ತ ಕೂಡಲೇ ಗಡ್ಡೆ ಕುಗ್ಗುವುದೂ ಇಲ್ಲ, ಎಷ್ಟೋ ತಿಂಗಳು ಅದೇ ಗಾತ್ರದಲ್ಲಿ ಕೂತಿರಬಹುದು.

ಡಾಕ್ಟರು ಟೇಸಿಗೆ ಮೊದಲಿನ ಹಳೆಯ ಸ್ಕ್ಯಾನನ್ನೂ ಈಗಿನ ಹೊಸದನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರು. ಹಳೆಯದರಲ್ಲಿ ಗಡ್ಡೆ ಇಡೀ ಬಿಳಿ. ಹೊಸದರಲ್ಲಿ ಅದೇ ದುಂಡು, ಅದೇ 5 ಸೆಂ.ಮೀ., ಆದರೆ ಒಳಗೆಲ್ಲ ಕಪ್ಪು. ಒಂದು ಅಂಚಿನಲ್ಲಿ ಮಾತ್ರ ಕಡಲೆಕಾಳಿನಷ್ಟು ಬಿಳಿ ಉಳಿದಿತ್ತು. ಬಾಕಿ ಇರುವುದು ಅಷ್ಟೇ, ಅದಕ್ಕೆ ಇನ್ನೊಮ್ಮೆ ಟೇಸ್ ಮಾಡೋಣ ಎಂದರು. ಅದೇ ಹೊತ್ತಿಗೆ ನಾವು ಚಿಕಿತ್ಸೆಯನ್ನೇ ಬಿಟ್ಟುಬಿಡುವುದರಲ್ಲಿ ಇದ್ದೆವು!

ಜೀವ ಇರುವ ಭಾಗವನ್ನೇ ಅಳೆಯಬೇಕು ಎನ್ನುವ ಪದ್ಧತಿ ಹೊಸದೇನಲ್ಲ. ಎಂ-ರೆಸಿಸ್ಟ್ ಎಂಬ ಹೆಸರಿನಲ್ಲಿ 2010ರಿಂದಲೇ ಇದೆ. ಹಾಗಿರುವಾಗ ಬರೀ ಉದ್ದ ಅಗಲ ಬರೆದು ಕಳಿಸಿದರೆ ರೋಗಿಯ ಮನೆಯವರು ಏನೆಂದುಕೊಳ್ಳಬೇಕು? ಕೆಲವರಿಗೆ ಲಿಪಿಯೋಡಾಲ್ ಎಂಬ ಎಣ್ಣೆಯಂಥ ಔಷಧ ಬೆರೆಸಿ ಟೇಸ್ ಮಾಡುತ್ತಾರಂತೆ. ಅದು ಸಿಟಿಯಲ್ಲಿ ತಾನೇ ಬೆಳ್ಳಗೆ ಕಾಣುವುದರಿಂದ ಗೊಂದಲ ಇನ್ನೂ ಜಾಸ್ತಿ. ಅಂಥವರಿಗೆ ಎಂಆರ್‌ಐ ಬೇಕಾಗಬಹುದು. ಯಾವ ಚಿಕಿತ್ಸೆ, ಯಾವ ದಿನ ಆಯಿತು ಎಂಬುದು ಸ್ಕ್ಯಾನ್ ನೋಡುವವರಿಗೆ ಗೊತ್ತಿರಲೇಬೇಕು. ಆದ್ದರಿಂದ ಡಿಸ್ಚಾರ್ಜ್ ಚೀಟಿಯನ್ನೂ ಹಳೆಯ ಸಿಡಿಯನ್ನೂ ಒಯ್ಯಿರಿ. ಎಲ್ಲ ಹಂತಗಳ ಚಿತ್ರ ಬೇಕೆಂದು ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಮಂಜೇಶ್ವರ, ಬದಿಯಡ್ಕ, ಎಣ್ಮಕಜೆಯ ನಮ್ಮಂಥವರಿಗೆ ಸ್ಕ್ಯಾನ್ ಈ ಕಡೆ, ಡಾಕ್ಟರು ಗಡಿಯ ತಲಪಾಡಿ ದಾಟಿದ ಮೇಲೆ. ಸ್ಕ್ಯಾನಿಂಗ್ ಕೇಂದ್ರದವರು ಕೇಳದೆಯೇ ಅದೇ ದಿನ ಸಿಡಿ ಕೊಡಲಿ, ಡೈ ಹಿಡಿಯುವ ಭಾಗ ಎಷ್ಟು ಉಳಿದಿದೆ ಎಂದು ರಿಪೋರ್ಟಿನಲ್ಲಿ ಬರೆಯಲಿ. ಜಿಲ್ಲೆಯ ಆರೋಗ್ಯ ಇಲಾಖೆ ಈ ಬಗ್ಗೆ ಎಲ್ಲ ಕೇಂದ್ರಗಳಿಗೂ ಸೂಚನೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಓರ್ವ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ