ಪ್ಲಾಸ್ಮಾ ಕೈಕೊಟ್ಟ ಪಲ್ಸ್‌ಗಳನ್ನು ಓದಿದವರಿಗೆ ಧನ್ಯವಾದ

2023ರ ಡಿಸೆಂಬರ್ 18ರಂದು ಇಂಗ್ಲೆಂಡಿನ ಕಲ್ಹಮ್‌ನಲ್ಲಿ ಜೆಟ್ ಟೋಕಮ್ಯಾಕ್, ಅಂದರೆ ಪರಮಾಣು ಸಮ್ಮಿಲನಕ್ಕಾಗಿ ಅತಿ ಬಿಸಿಯಾದ, ವಿದ್ಯುತ್ ಹರಿಯುವ ಅನಿಲವನ್ನು (ಪ್ಲಾಸ್ಮಾ) ಕಾಂತಬಲದಿಂದ ಹಿಡಿದಿಡುವ ಉಂಗುರದಾಕಾರದ ಯಂತ್ರ, ತನ್ನ 1,05,842ನೇ ಪಲ್ಸ್ (ಒಂದು ಸಲದ ಓಟ) ಮುಗಿಸಿ ಶಾಶ್ವತವಾಗಿ ನಿಂತಿತು. ಅದಕ್ಕೂ ಮುಂಚೆ, ಅಕ್ಟೋಬರ್ 3ರಂದು, ಬರೀ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೌಲ್ ಶಕ್ತಿ ಹೊರಬಂದಿತ್ತು. ಆ ದಾಖಲೆಯನ್ನು ಎಲ್ಲರೂ ಕೊಂಡಾಡಿದ್ದಾರೆ. ಈ ಬರಹ ಪ್ಲಾಸ್ಮಾವನ್ನು ಹಿಡಿತ ತಪ್ಪಿಸುವ ಅಸ್ಥಿರತೆಗಳ ಬೆನ್ನು ಹತ್ತಿದವರಿಗೆ.

ಮೊದಲ ನಮಸ್ಕಾರ 1958ರಲ್ಲಿ ಜೀಟಾ ಎಂಬ ಬ್ರಿಟಿಷ್ ಸಮ್ಮಿಲನ ಯಂತ್ರ ನಡೆಸಿದ ತಂಡಕ್ಕೆ. ಸಮ್ಮಿಲನದ ಶಾಖದಿಂದ ಹುಟ್ಟಿದವು ಎಂದು ಜನವರಿಯಲ್ಲಿ ಸಾರಿದ್ದ ನ್ಯೂಟ್ರಾನ್‌ಗಳು, ನಿಜಕ್ಕೂ ಅಸ್ಥಿರತೆಗಳು ಒಂದಷ್ಟು ಅಯಾನುಗಳಿಗೆ ಕೊಟ್ಟ ವೇಗದಿಂದ ಬಂದಿದ್ದವು. ಕೆಲವೇ ತಿಂಗಳಲ್ಲಿ ಅದನ್ನು ಬಹಿರಂಗವಾಗಿ ತಿದ್ದಿಕೊಂಡರು. ಆ ಪ್ರಾಮಾಣಿಕತೆ ಇಲ್ಲದಿದ್ದರೆ ಈ ಕ್ಷೇತ್ರ ಸುಳ್ಳು ತಾಪಮಾನಗಳ ಮೇಲೆ ನಿಂತಿರುತ್ತಿತ್ತು.

ಆಮೇಲೆ ಪ್ಲಾಸ್ಮಾದ ಒಂದು ಮಿತಿಯನ್ನು ತೋರಿಸಿಕೊಟ್ಟ ವಿಜ್ಞಾನಿಗಳಾದ ಕ್ರುಸ್ಕಲ್ ಮತ್ತು ಶಾಫ್ರಾನೋವ್. ಕಾಂತರೇಖೆ ಉಂಗುರದ ಕಿರುಸುತ್ತನ್ನು ಒಮ್ಮೆ ಸುತ್ತುವಷ್ಟರಲ್ಲಿ ಹಿರಿಸುತ್ತನ್ನು ಎಷ್ಟು ಸಲ ಸುತ್ತುತ್ತದೆ ಎಂಬ ಲೆಕ್ಕ, ಅಂದರೆ ಕ್ಯೂ, ಅಂಚಿನಲ್ಲಿ 1ಕ್ಕಿಂತ ಕೆಳಗಿಳಿದರೆ ಪ್ಲಾಸ್ಮಾ ಹಾವಿನಂತೆ ಹೊರಳಿ ಗೋಡೆಗೆ ಬಡಿಯುತ್ತದೆ. ಯಂತ್ರಗಳು ಅದನ್ನು 3ರ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಇದೇ ಭಯಕ್ಕೆ.

ಎಲ್ಲಕ್ಕಿಂತ ದೊಡ್ಡ ಋಣ ಡಿಸ್ರಪ್ಷನ್ ಅಧ್ಯಯನ ಮಾಡಿದವರದ್ದು. ಪ್ಲಾಸ್ಮಾ ದಿಢೀರನೆ ಕುಸಿದಾಗ ಅದರ ಶಾಖವೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಗೋಡೆಗೆ ಸುರಿಯುತ್ತದೆ. ತಾಪಮಾನ ನೂರರಲ್ಲೊಂದು ಪಾಲಿಗೆ ಇಳಿದರೆ ವಿದ್ಯುತ್ ರೋಧ ಸಾವಿರ ಪಟ್ಟು ಏರುತ್ತದೆ. ಹರಿಯುತ್ತಿದ್ದ ಪ್ರವಾಹ ಥಟ್ಟನೆ ನಿಲ್ಲಲೊಲ್ಲದು, ಹಾಗಾಗಿ ಬಲವಾದ ವಿದ್ಯುತ್ ಕ್ಷೇತ್ರ ಏಳುತ್ತದೆ. ಎಲೆಕ್ಟ್ರಾನಿನ ವೇಗ ಹೆಚ್ಚಿದಷ್ಟೂ ಅದಕ್ಕೆ ಡಿಕ್ಕಿಗಳ ತಡೆ ಕಡಿಮೆ. ತಪ್ಪಿಸಿಕೊಂಡ ಒಂದು ಎಲೆಕ್ಟ್ರಾನ್ ಇನ್ನೊಂದನ್ನು ತಳ್ಳಿ, ಅದು ಮತ್ತೊಂದನ್ನು ತಳ್ಳಿ, ಬೆಳಕಿನ ವೇಗದ ಸಮೀಪ ಓಡುವ ಕಿರಣವೊಂದು ಸಿದ್ಧವಾಗುತ್ತದೆ. ಇದೇ ರನ್‌ಅವೇ. ಗೋಡೆಯ ಒಂದೇ ಜಾಗಕ್ಕೆ ಬಿದ್ದರೆ 2011ರಿಂದ ಜೆಟ್‌ನ ಒಳಗೋಡೆಯಲ್ಲಿದ್ದ ಬೆರಿಲಿಯಂ ಟೈಲ್ ಕರಗಿ ಹೋಗುತ್ತಿತ್ತು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ, 15 ಮೆಗಾಆಂಪಿಯರ್ ಪ್ರವಾಹದ ದೊಡ್ಡ ಟೋಕಮ್ಯಾಕ್ ಈಟರ್‌ನಲ್ಲಿ ಈ ಹಾನಿ ಇನ್ನೂ ಆಳಕ್ಕಿಳಿಯಬಹುದು.

ಆರ್ಗಾನಿನಂಥ ಭಾರದ ಅನಿಲ ತೂರಿ ಕಿರಣವನ್ನು ನಿಧಾನಿಸುವುದು ಹಳೆಯ ದಾರಿ. ಜೆಟ್‌ನಲ್ಲಿ ಅದು ನೆಚ್ಚಿಕೊಳ್ಳುವಷ್ಟು ಫಲಿಸಲಿಲ್ಲ. ಆಗ ಹೆಪ್ಪುಗಟ್ಟಿದ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಗುಂಡನ್ನು ಒಡೆದು, ಚೂರುಗಳನ್ನು ಓಡುತ್ತಿದ್ದ ಕಿರಣದೊಳಕ್ಕೇ ಎರಚಿದರು. ಸುತ್ತಲಿನ ತಣ್ಣನೆ ಪ್ಲಾಸ್ಮಾ ತೆಳುವಾಯಿತು. ಅಷ್ಟಾಗುತ್ತಲೇ ಭಾರಿ ಅಸ್ಥಿರತೆಯೊಂದು ಸಿಡಿದು ಕಾಂತರೇಖೆಗಳನ್ನು ಕಲಕಿತು. ಎಲೆಕ್ಟ್ರಾನ್‌ಗಳು ಒಮ್ಮೆಲೇ ಗೋಡೆಯ ತುಂಬ ಚೆದುರಿ ಬಿದ್ದವು. ಯಾವ ಟೈಲೂ ಅಳತೆಗೆ ಸಿಗುವಷ್ಟು ಬಿಸಿಯಾಗಲಿಲ್ಲ, ಹೊಸ ಕಿರಣವೂ ಹುಟ್ಟಲಿಲ್ಲ. ದಶಕಗಳ ಕಾಲ ಹತ್ತಿಕ್ಕಲು ಹೆಣಗಿದ ಅಸ್ಥಿರತೆಯೇ ಇಲ್ಲಿ ಯಂತ್ರವನ್ನು ಕಾಯಿತು! ಇದನ್ನು ಕಂಡುಕೊಂಡ ಪ್ರಯೋಗಕಾರರಿಗೆ, ಗುಂಡು ಹೆಪ್ಪುಗಟ್ಟಿಸಿದ ತಂತ್ರಜ್ಞರಿಗೆ, ಮಿಲಿಸೆಕೆಂಡುಗಳ ಕಾಂತಸಂಕೇತಗಳನ್ನು ಬಿಡಿಸಿದವರಿಗೆ ಮನಸಾರೆ ವಂದನೆ.

ಕಡೆಯ ದಿನ ನಿರ್ವಾಹಕರು ಎಲೆಕ್ಟ್ರಾನ್ ಕಿರಣವನ್ನು ಬೇಕೆಂದೇ ಒಳಗೋಡೆಗೆ ಗುರಿಯಿಟ್ಟರು, ಹಾನಿ ಹೇಗಿರುತ್ತದೆಂದು ಮುಂದಿನವರು ನೋಡಲಿ ಎಂದು. ಆಮೇಲೆ ರೋಬೋ ತೋಳುಗಳಿಂದ ಒಳಗೋಡೆಯ ಟೈಲ್‌ಗಳ ಮಾದರಿಗಳನ್ನು ಹೊರತೆಗೆದು ಪರೀಕ್ಷೆಗೆ ಒಪ್ಪಿಸಿದ ಕೈಗಳಿಗೂ ನಮ್ಮ ಧನ್ಯವಾದ ಸಲ್ಲಬೇಕು.