ಮಂಗಟ್ಟೆಯ ಗೂಡು: ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಪ್ರಕೃತಿಯಿಂದ ಕಲಿಯುವ ಬದುಕಿನ ಪಾಠಗಳ ಕುರಿತ ಈ ತಿಂಗಳ ಚರ್ಚೆಗೆ ದಾಂಡೇಲಿ ಕಾಡಿನ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯನ್ನು ಆರಿಸಿಕೊಳ್ಳಲಾಗಿದೆ.

ದೊಡ್ಡ ಮಂಗಟ್ಟೆಯ ಹೆಣ್ಣು ಹಳೆಯ ಹೆಮ್ಮರದ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯಿಂದಲೇ ಅದರ ಬಾಯನ್ನು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಕುಳಿತಾಗಲೇ ಅದರ ಹಾರುವ ಗರಿಗಳು ಉದುರಿ ಹೊಸದಾಗಿ ಹುಟ್ಟುವುದರಿಂದ, ವಾರಗಟ್ಟಲೆ ಅದರ ಹಾಗೂ ಮರಿಯ ಜೀವ ಗಂಡಿನ ದುಡಿಮೆಯನ್ನೇ ನಂಬಿರುತ್ತದೆ. ಗಂಡು ಅತ್ತಿ, ಆಲ, ಬಸರಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೇ ಕೊಕ್ಕಿನ ತುದಿಗೆ ತಂದು, ಸೀಳಿನೊಳಕ್ಕೆ ನೀಡುತ್ತದೆ. ಹೊಣೆಗಾರಿಕೆ ಎಂಬುದು ದಿನದಿನವೂ ತಪ್ಪದೆ ಮಾಡುವ ಕೆಲಸವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ.

ಈ ಹಕ್ಕಿ ಮರವನ್ನು ತಾನೇ ಕೊರೆಯಲಾರದು. ವಯಸ್ಸಾದ ಮರದಲ್ಲಿ ತಾನಾಗಿ ಮೂಡಿದ ಅಥವಾ ಬೇರೆ ಹಕ್ಕಿ ಕೊರೆದ ಪೊಟರೆಯೇ ಅದಕ್ಕೆ ಬೇಕು. ತಿಂದ ಹಣ್ಣಿನ ಬೀಜಗಳನ್ನು ದೂರದೂರಕ್ಕೆ ಬಿತ್ತಿ ಅದು ಕಾಡಿಗೆ ಮರಳಿ ಕೊಡುತ್ತದೆ. ಉಪಯೋಗವಿಲ್ಲವೆಂದು ನಾವು ಕಡಿಯುವ ಮುದಿ ಮರಗಳ ಬಗ್ಗೆ ದಯವಿಟ್ಟು ಈ ಹಿನ್ನೆಲೆಯಲ್ಲಿ ಯೋಚಿಸಿ.

ಕಾಳಿ ನದಿಯ ದಂಡೆಯ ಕಾಡನ್ನು 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿಗೆ ಹೋಗುವವರು ಗೂಡಿನ ಮರದ ಹತ್ತಿರ ನಿಲ್ಲಬಾರದು, ಏಕೆಂದರೆ ಜನರನ್ನು ಕಂಡ ಗಂಡು ಆಹಾರ ಕೊಡಲು ಹಿಂಜರಿಯುತ್ತದೆ. ಗೂಡಿರುವ ಜಾಗದ ವಿವರವನ್ನೂ ಚಿತ್ರವನ್ನೂ ಗುಂಪಿನಲ್ಲಿ ಹಂಚಿಕೊಳ್ಳಬೇಡಿ. ಕಂಡದ್ದನ್ನು ಬರೆದು ಕಳುಹಿಸಿದರೆ ಸಾಕು.